ಜೊಂಡು ತುಂಬಿದ ಕೆರೆಯನ್ನು ಆಕಾಶದಿಂದ ಅಳೆಯುವುದು ಹೇಗೆ: ಉಪಗ್ರಹ ಚಿತ್ರ ಮತ್ತು ಎಐ ಬಳಸಲು ಒಂದು ಸಮಗ್ರ ಮಾರ್ಗದರ್ಶಿ

ಜೊಂಡು, ಅಂದರೆ ನೀರಿನ ಮೇಲೆ ತೇಲುತ್ತಾ ಬೆಳೆಯುವ ಕಳೆಗಿಡ, ಹರಡಿಕೊಂಡ ಕೆರೆ ಉಪಗ್ರಹದ ಕಣ್ಣಿಗೆ ಬೆಳೆ ನಿಂತ ಹೊಲದ ಹಾಗೇ ಕಾಣುತ್ತದೆ. ಕೆಳಗೆ ಆಳುದ್ದ ನೀರಿದ್ದರೂ ಅಷ್ಟೇ. ಇದು ಗೊತ್ತಿಲ್ಲದೆ ಸುಮ್ನೆ ಯಾವುದೋ ಎಐ ಟೂಲ್‌ಗೆ ಚಿತ್ರ ಕೊಟ್ಟು "ಕೆರೆ ಎಷ್ಟು ಕಡಿಮೆಯಾಗಿದೆ" ಅಂತ ಕೇಳಿದರೆ, ಅರ್ಧ ಕೆರೆ ಮಾಯವಾಗಿದೆ ಅನ್ನುವ ಬಣ್ಣಬಣ್ಣದ ನಕ್ಷೆಯೊಂದು ಬರುತ್ತದೆ. ಅದು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಆಮೇಲೆ ಯಾರಾದರೂ ಕೆರೆ ಏರಿಯ ಮೇಲೆ ನಿಂತು ಫೋಟೋ ಹಾಕಿದರೆ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ.

ಹಾಗಾಗಿ ಟೂಲ್‌ಗಿಂತ ಮೊದಲು ಪ್ರಶ್ನೆ ಸರಿಯಾಗಿರಬೇಕು. ಇಲ್ಲಿ ಒಂದೇ ಕೆರೆ ಇಟ್ಟುಕೊಂಡು ಶುರುವಿನಿಂದ ಕೊನೆಯವರೆಗೂ ಹೋಗೋಣ: ಬೆಂಗಳೂರಿನ ಬೆಳ್ಳಂದೂರು ಕೆರೆ. ಸುಮಾರು 900 ಎಕರೆಯ, ನಗರದ ಅತಿ ದೊಡ್ಡ ಕೆರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು, ಅಂದರೆ ಊರಿನ ದೊಡ್ಡದೊಂದು ಭಾಗದ ಕೊಳಚೆ ಕೂಡ, ಇಲ್ಲಿಗೆ ಬಂದು ವರ್ತೂರು ಕೆರೆಗೆ ಹೋಗಿ ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರುತ್ತದೆ. 2015ರಲ್ಲಿ ರಸ್ತೆಗೆ ಉಕ್ಕಿದ ನೊರೆ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಹತ್ತಿಕೊಂಡ ಬೆಂಕಿ, ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಕಲಿಯುವುದಕ್ಕೆ ಇದಕ್ಕಿಂತ ಕಷ್ಟದ ಕೆರೆ ಸಿಗುವುದಿಲ್ಲ, ಇಲ್ಲಿ ಕೈ ಪಳಗಿದರೆ ನಿಮ್ಮೂರ ಕೆರೆ ಸಲೀಸು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಬೆಳ್ಳಂದೂರು ಕೆರೆಗೆ ಏನಾಗಿದೆ?" ಅನ್ನುವುದನ್ನು ಅಳೆಯುವುದಕ್ಕೆ ಆಗಲ್ಲ. "2019ರಿಂದ ಇಲ್ಲಿಯವರೆಗೆ, ಪ್ರತಿ ವರ್ಷ ಜನವರಿಯಿಂದ ಮಾರ್ಚ್ ಒಳಗೆ, ಕೆರೆಯ ಅಂಗಳದಲ್ಲಿ ತೆರೆದ ನೀರು ಎಷ್ಟು ಹೆಕ್ಟೇರ್, ತೇಲುವ ಜೊಂಡು ಎಷ್ಟು, ಬರೀ ಮಣ್ಣು ಎಷ್ಟು?" ಅನ್ನುವುದನ್ನು ಅಳೆಯಬಹುದು. ವ್ಯತ್ಯಾಸ ಗಮನಿಸಿ. ನೀರು ಇದೆಯಾ ಇಲ್ಲವಾ ಅನ್ನುವ ಎರಡು ಖಾನೆ ಬಿಟ್ಟು ಮೂರು ಖಾನೆ ಮಾಡಿದ್ದೇವೆ. ನೀರು ಕಡಿಮೆಯಾಗಿದ್ದು ಜೊಂಡಿನಿಂದಲೋ, ಹೂಳೆತ್ತಲು ಒಣಗಿಸಿದ್ದರಿಂದಲೋ, ಮಣ್ಣು ತುಂಬಿದ್ದರಿಂದಲೋ ಅಂತ ಬೇರೆ ಬೇರೆ ಹೇಳಬೇಕಾದರೆ ಇದೊಂದೇ ದಾರಿ.

ಜನವರಿ–ಮಾರ್ಚ್ ಯಾಕೆ? ಬೆಂಗಳೂರಿನಲ್ಲಿ ಮೇ ತಿಂಗಳಿಂದ ಅಕ್ಟೋಬರ್ ತನಕ ಮೋಡ ಜಾಸ್ತಿ, ವರ್ಷದ ಮೊದಲ ಮೂರು ತಿಂಗಳು ಆಕಾಶ ಶುಭ್ರ. ಅದಕ್ಕಿಂತ ಮುಖ್ಯ ಇನ್ನೊಂದು ಕಾರಣ ಇದೆ. ಒಂದು ವರ್ಷದ ಅಕ್ಟೋಬರ್ ಚಿತ್ರವನ್ನು ಇನ್ನೊಂದು ವರ್ಷದ ಏಪ್ರಿಲ್ ಚಿತ್ರದ ಪಕ್ಕ ಇಟ್ಟು "ನೋಡಿ ಹೇಗಿತ್ತು ಹೇಗಾಯ್ತು" ಅನ್ನುವುದು ಮೋಸ. ಅದು ಬರೀ ಮಳೆಗಾಲ ಬೇಸಿಗೆಯ ವ್ಯತ್ಯಾಸ. ಯಾವ ತಿಂಗಳಾದರೂ ಸರಿ, ಎಲ್ಲಾ ವರ್ಷಕ್ಕೂ ಅದೇ ತಿಂಗಳು ಇರಲಿ.

ಎರಡು: ಯಾವ ಉಪಗ್ರಹ

ಹೆಚ್ಚು ಯೋಚಿಸಬೇಡಿ, ಸೆಂಟಿನೆಲ್-2. ಯುರೋಪಿನ ಕೋಪರ್ನಿಕಸ್ ಯೋಜನೆಯದ್ದು, ಪೂರ್ತಿ ಉಚಿತ. ಮೊದಲ ಉಪಗ್ರಹ 2015ರ ಜೂನ್‌ನಲ್ಲಿ ಹಾರಿತು, ಎರಡನೆಯದು 2017ರ ಮಾರ್ಚ್‌ನಲ್ಲಿ. 2025ರಲ್ಲಿ ಮೊದಲನೆಯದರ ಜಾಗಕ್ಕೆ ಮೂರನೆಯದು ಬಂತು. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತವೆ. ಒಟ್ಟು 13 ಬ್ಯಾಂಡ್, ಅಂದರೆ ಬೆಳಕನ್ನು ಬೇರೆ ಬೇರೆಯಾಗಿ ವಿಂಗಡಿಸಿ ಅಳೆಯುವ ಪಟ್ಟಿಗಳು, ಕೆಲವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನವು. ನೀಲಿ, ಹಸಿರು, ಕೆಂಪು ಮತ್ತು ನಿಯರ್ ಇನ್‌ಫ್ರಾರೆಡ್ ಬ್ಯಾಂಡ್‌ಗಳಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ರೆಡ್ ಎಡ್ಜ್ ಮತ್ತು ಶಾರ್ಟ್‌ವೇವ್ ಇನ್‌ಫ್ರಾರೆಡ್ ಬ್ಯಾಂಡ್‌ಗಳಲ್ಲಿ 20 ಮೀಟರ್. ನೂರು ಪಿಕ್ಸೆಲ್ ಸೇರಿದರೆ ಒಂದು ಹೆಕ್ಟೇರ್, ಸುಮಾರು ನಲವತ್ತು ಪಿಕ್ಸೆಲ್‌ಗೆ ಒಂದು ಎಕರೆ. ಹಾಗೆ ನೋಡಿದರೆ ಬೆಳ್ಳಂದೂರು ಕೆರೆ ಅಂದರೆ ಸುಮಾರು 36,400 ಪಿಕ್ಸೆಲ್. ಲೆಕ್ಕಕ್ಕೆ ಧಾರಾಳ ಸಾಕು. ಅದೇ ನಿಮ್ಮೂರ ಎರಡು ಎಕರೆ ಕಟ್ಟೆ ಆದರೆ ಎಂಬತ್ತು ಪಿಕ್ಸೆಲ್, ಅದರಲ್ಲೂ ಅರ್ಧದಷ್ಟು ದಡದ ಪಿಕ್ಸೆಲ್ಲೇ. ಅಂಥದ್ದಕ್ಕೆ ಈ ವಿಧಾನ ಬೇಡ, ನಡೆದುಕೊಂಡು ಹೋಗಿ ಅಳೆಯುವುದೇ ಸುಲಭ.

ಇನ್ನೂ ಹಿಂದಕ್ಕೆ ಹೋಗಬೇಕು, ಎಂಬತ್ತರ ದಶಕದ ಕೆರೆ ನೋಡಬೇಕು ಅಂದರೆ ಲ್ಯಾಂಡ್‌ಸ್ಯಾಟ್. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5ರಿಂದ ಇಲ್ಲಿಯವರೆಗೆ 30 ಮೀಟರ್ ಪಿಕ್ಸೆಲ್‌ನ ಚಿತ್ರಗಳಿವೆ, 2008ರಿಂದ ಎಲ್ಲರಿಗೂ ಉಚಿತ. ಲ್ಯಾಂಡ್‌ಸ್ಯಾಟ್-7ರ ಚಿತ್ರದಲ್ಲಿ ಕಪ್ಪು ಪಟ್ಟೆ ಕಂಡರೆ ಗಾಬರಿ ಬೇಡ, 2003ರ ಮೇ ಕೊನೆಯಲ್ಲಿ ಅದರ ಒಂದು ಭಾಗ ಕೆಟ್ಟುಹೋಯಿತು. ಬೆಂಗಳೂರಿನ ಕೆರೆಗಳನ್ನು ಹೀಗೆ ಹಳೆಯ ಉಪಗ್ರಹ ಚಿತ್ರಗಳಿಂದ ಅಧ್ಯಯನ ಮಾಡುವ ಕೆಲಸವನ್ನು ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ವರ್ಷಗಳಿಂದ ಮಾಡುತ್ತಿದೆ. ನೀವು ಶುರು ಮಾಡುವ ಮೊದಲು ಅವರ ವರದಿಗಳನ್ನು ಹುಡುಕಿ ಓದಿದರೆ ಅರ್ಧ ಶ್ರಮ ಉಳಿಯುತ್ತದೆ. ಇಸ್ರೋದ ಭುವನ್ ಮತ್ತು ಭೂನಿಧಿ ತಾಣಗಳಲ್ಲಿ ನಮ್ಮ ರಿಸೋರ್ಸ್‌ಸ್ಯಾಟ್ ಚಿತ್ರಗಳೂ ಸಿಗುತ್ತವೆ.

ಮೂರು: ಮೊದಲು ಕಣ್ಣಿಂದ ನೋಡಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಕೋಡ್ ಬರೆಯುವ ಮೊದಲು ಕೋಪರ್ನಿಕಸ್ ಬ್ರೌಸರ್ ಅನ್ನುವ ಉಚಿತ ತಾಣಕ್ಕೆ ಹೋಗಿ, ಬೆಳ್ಳಂದೂರು ಹುಡುಕಿ, ಮೋಡ ಕಡಿಮೆ ಇರುವ ದಿನಗಳನ್ನು ಒಂದೊಂದಾಗಿ ತೆರೆದು ನೋಡಿ. ಮೊದಲು ಸಹಜ ಬಣ್ಣದಲ್ಲಿ. ಆಮೇಲೆ ಫಾಲ್ಸ್ ಕಲರ್ ಅನ್ನುವ ಆಯ್ಕೆಯಲ್ಲಿ, ಅದರಲ್ಲಿ ಹಸಿರು ಗಿಡವೆಲ್ಲ ಕೆಂಪಾಗಿ, ನೀರು ಕಪ್ಪಾಗಿ ಕಾಣುತ್ತದೆ. ಜೊಂಡು ಹಬ್ಬಿದ ಭಾಗ ಕೆಂಪು ಕಂಬಳಿಯಂತೆ ಎದ್ದು ಬರುತ್ತದೆ.

ವಾರ ವಾರದ ಚಿತ್ರ ಪಕ್ಕಪಕ್ಕ ಇಟ್ಟು ನೋಡುತ್ತಾ ಹೋದರೆ ಒಂದು ವಿಷಯ ತಾನಾಗಿಯೇ ಹೊಳೆಯುತ್ತದೆ: ಜೊಂಡು ಒಂದೇ ಕಡೆ ನಿಲ್ಲುವುದಿಲ್ಲ. ಗಾಳಿ ಬೀಸಿದ ಕಡೆಗೆ ಇಡೀ ಚಾಪೆಯೇ ಸರಿಯುತ್ತದೆ. ಈ ವಾರ ಪೂರ್ವದ ದಡದಲ್ಲಿದ್ದದ್ದು ಮುಂದಿನ ವಾರ ಪಶ್ಚಿಮಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ, ಐದನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ನಾಲ್ಕು: ಕೆರೆಯ ಗಡಿ ಗುರುತಿಸುವುದು

ಇಡೀ ಕೆಲಸದಲ್ಲಿ ಜಗಳ ಹುಟ್ಟುವುದು ಇಲ್ಲೇ, ತಂತ್ರಜ್ಞಾನದಲ್ಲಿ ಅಲ್ಲ. ಇವತ್ತು ನೀರು ಕಾಣುವ ಜಾಗದ ಸುತ್ತ ಗೆರೆ ಎಳೆದರೆ ಅದು ಕೆರೆಯ ಗಡಿ ಅಲ್ಲ, ಇವತ್ತಿನ ನೀರಿನ ಗಡಿ. ಒತ್ತುವರಿ ಆದ ಜಾಗವೆಲ್ಲ ನಿಮ್ಮ ಲೆಕ್ಕದಿಂದ ಹೊರಗೆ ಹೋಗಿ, ಒತ್ತುವರಿಗೆ ನೀವೇ ಸಹಿ ಹಾಕಿದ ಹಾಗಾಗುತ್ತದೆ.

ಕಂದಾಯ ಇಲಾಖೆಯ ಗ್ರಾಮನಕ್ಷೆಯಿಂದ ಶುರು ಮಾಡಿ. ಬೆಳ್ಳಂದೂರು ಕೆರೆ ದೊಡ್ಡದಾದ್ದರಿಂದ ಹಲವು ಗ್ರಾಮಗಳ ನಕ್ಷೆ ಸೇರಿಸಿ ನೋಡಬೇಕಾಗುತ್ತದೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಕ್ಷೆಯ ಮೇಲೆ ಬೆರಳಿಟ್ಟರೆ ಅಲ್ಲಿನ ಸರ್ವೆ ನಂಬರ್ ಗೊತ್ತಾಗುತ್ತದೆ. ಜೊತೆಗೆ ಗೂಗಲ್ ಅರ್ಥ್ ಪ್ರೊನಲ್ಲಿ ಹಳೆಯ ಚಿತ್ರಗಳನ್ನು ನೋಡುವ ಗಡಿಯಾರದ ಗುಂಡಿ ಇದೆ, ಅದರಲ್ಲಿ ಏರಿ, ಕೋಡಿ, ರಾಜಕಾಲುವೆ ಬಂದು ಸೇರುವ ಬಾಯಿ ಎಲ್ಲಾ ಗುರುತಿಸಬಹುದು. ಇಷ್ಟೆಲ್ಲಾ ನೋಡಿ ಒಂದು ಪಾಲಿಗಾನ್, ಅಂದರೆ ಸುತ್ತಲೂ ಗೆರೆ ಕೂಡಿದ ಆಕೃತಿ, ಎಳೆಯಿರಿ. ಒಮ್ಮೆ ಎಳೆದ ಮೇಲೆ ಎಲ್ಲಾ ವರ್ಷಕ್ಕೂ ಅದೇ. ಫೈಲ್ ಉಳಿಸಿಡಿ, ಹೆಸರಿನಲ್ಲಿ ದಿನಾಂಕ ಹಾಕಿ. ದಿಶಾಂಕ್ ತೋರಿಸುವ ಗೆರೆ ಕೆಲವು ಕಡೆ ಸ್ವಲ್ಪ ಆಚೀಚೆ ಕೂರುತ್ತದೆ, ಅದನ್ನೇ ಕೋರ್ಟಿನ ಮಟ್ಟದ ಸಾಕ್ಷಿ ಅಂದುಕೊಳ್ಳಬೇಡಿ. ಒತ್ತುವರಿಯ ಅಳತೆ ಸರ್ವೇಯರ್ ಕೆಲಸ. 10 ಮೀಟರ್ ಪಿಕ್ಸೆಲ್ ಇಟ್ಟುಕೊಂಡು ಮೂರು ಮೀಟರ್ ಕಾಂಪೌಂಡ್ ಗೋಡೆಯ ಜಗಳ ತೀರಿಸಲು ಹೋಗಬಾರದು.

ಐದು: ಚಿತ್ರಗಳನ್ನು ಸಿದ್ಧ ಮಾಡುವುದು

ಈಗ ಗೂಗಲ್ ಅರ್ಥ್ ಎಂಜಿನ್, ಕೋಡ್ ಬರೆದು ಉಪಗ್ರಹ ಚಿತ್ರಗಳ ಲೆಕ್ಕ ಮಾಡುವ ತಾಣ. ಓದು, ಸಂಶೋಧನೆ ಮತ್ತು ಲಾಭಕ್ಕಲ್ಲದ ಕೆಲಸಕ್ಕೆ ಉಚಿತ. ಗೂಗಲ್ ಖಾತೆಯಿಂದ ಒಂದು ಕ್ಲೌಡ್ ಪ್ರಾಜೆಕ್ಟ್ ಮಾಡಿ, ಏನಕ್ಕೆ ಬಳಸುತ್ತೀರಿ ಅಂತ ನೋಂದಾಯಿಸಿದರೆ ಕೋಡ್ ಎಡಿಟರ್ ತೆರೆಯುತ್ತದೆ. ಚಿತ್ರ ಡೌನ್‌ಲೋಡ್ ಮಾಡುವ ಗೊಡವೆ ಇಲ್ಲ, ಲೆಕ್ಕವೆಲ್ಲ ಅವರ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಹಳೆಯ ಲ್ಯಾಪ್‌ಟಾಪ್ ಸಾಕು, ಇಂಟರ್‌ನೆಟ್ ಸರಿ ಇದ್ದರೆ ಆಯ್ತು. ಕೋಡ್ ಅಂದರೆ ಅಲರ್ಜಿ ಇರುವವರು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಸೆಮಿ ಆಟೊಮ್ಯಾಟಿಕ್ ಕ್ಲಾಸಿಫಿಕೇಶನ್ ಪ್ಲಗಿನ್ ಹಾಕಿಕೊಂಡು ಇದೇ ಕೆಲಸ ಮಾಡಬಹುದು, ನಿಧಾನ ಅಷ್ಟೇ.

ಕೋಡ್ ಬರೆಯಲು ಈಗ ಯಾರೂ ಕಷ್ಟಪಡುವುದಿಲ್ಲ, ಚಾಟ್‌ಬಾಟ್‌ಗೆ ಹೇಳಿದರೆ ಬರೆದುಕೊಡುತ್ತದೆ. ಆದರೆ ಏನು ಹೇಳಬೇಕು ಅನ್ನುವುದು ನಿಮಗೆ ಗೊತ್ತಿರಬೇಕು. ಸೆಂಟಿನೆಲ್-2ರ ಸರ್ಫೇಸ್ ರಿಫ್ಲೆಕ್ಟೆನ್ಸ್, ಅಂದರೆ ವಾತಾವರಣದ ಮಬ್ಬನ್ನು ಕಳೆದ ಚಿತ್ರಗಳ ಸಂಗ್ರಹ ಬೇಕು, ಅದರಲ್ಲೂ ಹಾರ್ಮೊನೈಸ್ಡ್ ಅಂತ ಇರುವುದೇ ಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳನ್ನು ತಯಾರಿಸುವ ರೀತಿ ಬದಲಾಯಿತು, ಪ್ರತಿ ಪಿಕ್ಸೆಲ್‌ನ ಅಂಕಿಗೆ 1000 ಕೂಡಿಕೊಂಡಿತು. ಹಾರ್ಮೊನೈಸ್ಡ್ ಸಂಗ್ರಹದಲ್ಲಿ ಅದನ್ನು ಕಳೆದು ಸರಿ ಮಾಡಿದ್ದಾರೆ. ಹಳೆಯ ಸಂಗ್ರಹ ಬಳಸಿದರೆ 2021ಕ್ಕೂ 2022ಕ್ಕೂ ಮಧ್ಯೆ ಕೆರೆಯಲ್ಲಿ ದೊಡ್ಡ ಬದಲಾವಣೆ ಆದಂತೆ ಕಾಣುತ್ತದೆ, ನಿಜದಲ್ಲಿ ಬದಲಾಗಿದ್ದು ಸಾಫ್ಟ್‌ವೇರ್. ಅಂತರ್ಜಾಲದಲ್ಲಿರುವ ಹಳೆಯ ಕೋಡ್ ನೋಡಿ ಕಲಿತ ಚಾಟ್‌ಬಾಟ್‌ಗಳು ಈಗಲೂ ಹಳೆಯ ಸಂಗ್ರಹದ ಹೆಸರನ್ನೇ ಬರೆದುಕೊಡುವುದುಂಟು. ಮೊದಲ ಸಾಲಿನಲ್ಲೇ ನೋಡಿಕೊಳ್ಳಿ.

ನಾವು 2019ರಿಂದ ಶುರು ಮಾಡುವುದಕ್ಕೂ ಕಾರಣ ಇದೇ ಸಂಗ್ರಹ. ವಾತಾವರಣದ ಮಬ್ಬನ್ನು ಕಳೆದ ಚಿತ್ರಗಳು ಇಡೀ ಜಗತ್ತಿಗೆ ತಪ್ಪದೆ ಬರತೊಡಗಿದ್ದು 2018ರ ಡಿಸೆಂಬರ್‌ನಿಂದ.

ಮುಂದೆ ಮೋಡ ತೆಗೆಯುವುದು. ಗೂಗಲ್‌ನವರ ಕ್ಲೌಡ್ ಸ್ಕೋರ್ ಪ್ಲಸ್ ಬಳಸಿ. ಇದೂ ಒಂದು ಎಐ ಮಾದರಿಯೇ, ಪ್ರತಿ ಪಿಕ್ಸೆಲ್ ಎಷ್ಟು ನಿಚ್ಚಳ ಅಂತ ಸೊನ್ನೆಯಿಂದ ಒಂದರ ಒಳಗೆ ಅಂಕ ಕೊಡುತ್ತದೆ. 0.6ಕ್ಕಿಂತ ಕಡಿಮೆ ಇರುವುದನ್ನು ಬಿಟ್ಟು ನೋಡಿ, ಬೇಕಾದರೆ ಸ್ವಲ್ಪ ಹೆಚ್ಚು ಕಡಿಮೆ ಮಾಡಿ. ಬೆಳ್ಳಂದೂರಿನಂಥ ಕಡೆ ಒಂದು ಎಚ್ಚರಿಕೆ ಬೇಕು: ದಟ್ಟ ನೊರೆ ಮೋಡದ ಹಾಗೇ ಬೆಳ್ಳಗೆ ಹೊಳೆಯುತ್ತದೆ. ಮೋಡ ತೆಗೆಯುವ ಭರದಲ್ಲಿ ನೊರೆಯನ್ನೂ ತೆಗೆದುಹಾಕಿರಬಹುದು. ನಿಮ್ಮ ಅಧ್ಯಯನ ನೊರೆಯ ಬಗ್ಗೆಯೇ ಆಗಿದ್ದರೆ ಮೋಡವಿಲ್ಲದ ದಿನಗಳನ್ನು ಕೈಯಾರೆ ಆರಿಸಿ.

ಈಗ ಆ ಜೊಂಡಿನ ಓಡಾಟದ ವಿಷಯ. ಸಾಮಾನ್ಯವಾಗಿ ಎಲ್ಲಾ ಗೈಡ್‌ಗಳೂ ಹೇಳುವುದು ಮೂರು ತಿಂಗಳ ಚಿತ್ರಗಳನ್ನೆಲ್ಲ ಪೇರಿಸಿ ಪ್ರತಿ ಪಿಕ್ಸೆಲ್‌ಗೂ ಮೀಡಿಯನ್, ಅಂದರೆ ನಡುವಿನ ಬೆಲೆ, ತೆಗೆಯಿರಿ ಅಂತ. ಕಾಡಿಗೆ, ಕಟ್ಟಡಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತೇಲುವ ಜೊಂಡಿಗೆ ಮಾಡಲ್ಲ. ಒಂದು ಜಾಗದಲ್ಲಿ ಹತ್ತು ಚಿತ್ರದಲ್ಲಿ ನಾಲ್ಕು ಸಲ ಜೊಂಡು, ಆರು ಸಲ ನೀರು ಇದ್ದರೆ ಮೀಡಿಯನ್ ಬರೀ ನೀರು ಅನ್ನುತ್ತದೆ, ಜೊಂಡು ಲೆಕ್ಕದಿಂದಲೇ ಮಾಯ. ಹಾಗಾಗಿ ಒಂದೊಂದು ದಿನದ ಚಿತ್ರವನ್ನೂ ಬೇರೆ ಬೇರೆಯಾಗಿ ವರ್ಗೀಕರಿಸಿ, ಪ್ರತಿ ದಿನದ ಜೊಂಡಿನ ವಿಸ್ತೀರ್ಣ ತೆಗೆದು, ಆಮೇಲೆ ಆ ಅಂಕಿಗಳ ಮೀಡಿಯನ್ ತೆಗೆಯಿರಿ. ಕೆಲಸ ಸ್ವಲ್ಪ ಜಾಸ್ತಿ, ಉತ್ತರ ಮಾತ್ರ ಸರಿಯಾದದ್ದು.

ಆರು: ಸೂಚ್ಯಂಕಗಳು

ಪ್ರತಿ ವಸ್ತುವೂ ಬೇರೆ ಬೇರೆ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದಕ್ಕೆ ಕಳಿಸುತ್ತದೆ. ಹಸಿರೆಲೆ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ, ಕೆಂಪನ್ನು ನುಂಗುತ್ತದೆ. ನೀರು ನಿಯರ್ ಇನ್‌ಫ್ರಾರೆಡ್ ಮತ್ತು ಶಾರ್ಟ್‌ವೇವ್ ಎರಡನ್ನೂ ನುಂಗುತ್ತದೆ. ಇದನ್ನು ಅಂಕಿಗೆ ಇಳಿಸುವುದೇ ಸೂಚ್ಯಂಕ. ಎರಡು ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಮೈನಸ್ ಒಂದರಿಂದ ಪ್ಲಸ್ ಒಂದರ ನಡುವೆ ಒಂದು ಅಂಕಿ ಬರುತ್ತದೆ.

ನಿಮಗೆ ನಾಲ್ಕು ಸಾಕು. ಎನ್‌ಡಿವಿಐ ಹಸಿರಿಗೆ: ಬ್ಯಾಂಡ್ 8 ಮತ್ತು ಬ್ಯಾಂಡ್ 4. ಎನ್‌ಡಿಡಬ್ಲ್ಯುಐ ನೀರಿಗೆ: ಬ್ಯಾಂಡ್ 3 ಮತ್ತು ಬ್ಯಾಂಡ್ 8. ಎಂಎನ್‌ಡಿಡಬ್ಲ್ಯುಐ ಕೂಡ ನೀರಿಗೇ, ಆದರೆ ಬ್ಯಾಂಡ್ 3 ಮತ್ತು 11, ಸುತ್ತ ಕಟ್ಟಡಗಳಿರುವ ಊರಿನ ಕೆರೆಗೆ ಇದು ಹೆಚ್ಚು ಚೆನ್ನಾಗಿ ಹೊಂದುತ್ತದೆ. ನಾಲ್ಕನೆಯದು ಬ್ಯಾಂಡ್ 5 ಮತ್ತು 4 ಸೇರಿದ ಎನ್‌ಡಿಸಿಐ, ಪಾಚಿಯ ಸುಳಿವು ಕೊಡುತ್ತದೆ. ಪಾಚಿಗಟ್ಟಿದ ಹಸಿರು ನೀರನ್ನೂ ಎಲೆ ಎದ್ದು ನಿಂತ ಜೊಂಡನ್ನೂ ಬೇರ್ಪಡಿಸಲು ಇದು ಬೇಕು.

ಎನ್‌ಡಿಡಬ್ಲ್ಯುಐ ಸೊನ್ನೆಗಿಂತ ಮೇಲಿದ್ದರೆ ನೀರು ಅನ್ನುವ ನಿಯಮ ಎಲ್ಲಾ ಕಡೆ ಬರೆದಿರುತ್ತಾರೆ. ತಿಳಿನೀರಿಗೆ ಸರಿ. ಕೊಳಚೆ, ಪಾಚಿ, ಹೂಳು ಕದಡಿದ ನೀರಿಗೆ ಆ ಗೆರೆ ಆಚೀಚೆ ಆಗುತ್ತದೆ. ಹಾಗಾಗಿ ಗೆರೆ ಎಳೆಯುವ ಕೆಲಸವನ್ನು ಯಂತ್ರಕ್ಕೆ ಬಿಡೋಣ, ಎಐ ಬೇಕಾಗುವುದು ಇಲ್ಲಿ.

ಏಳು: ಯಂತ್ರಕ್ಕೆ ಕಲಿಸುವುದು

ಒಂದು ಕೆರೆಗೆ ದೊಡ್ಡ ನ್ಯೂರಲ್ ನೆಟ್‌ವರ್ಕ್ ಬೇಕಿಲ್ಲ. ರ್‍ಯಾಂಡಮ್ ಫಾರೆಸ್ಟ್ ಸಾಕು, ಅರ್ಥ್ ಎಂಜಿನ್‌ನಲ್ಲಿ ಸಿದ್ಧವಾಗೇ ಇದೆ. ನೂರು ಚಿಕ್ಕ ಚಿಕ್ಕ ತೀರ್ಮಾನದ ಮರಗಳು, ಪ್ರತಿಯೊಂದೂ ನಿಮ್ಮ ಉದಾಹರಣೆಗಳ ಒಂದೊಂದು ಭಾಗ ನೋಡಿ ಕಲಿತಿರುತ್ತದೆ, ಪ್ರತಿ ಪಿಕ್ಸೆಲ್‌ಗೂ ಎಲ್ಲವೂ ಓಟು ಹಾಕುತ್ತವೆ, ಹೆಚ್ಚು ಓಟು ಬಿದ್ದದ್ದೇ ಉತ್ತರ. ಅಷ್ಟೇ.

ಇಲ್ಲಿ ನಿಮ್ಮ ಸಮಯವೆಲ್ಲ ಹೋಗಬೇಕಾದದ್ದು ಉದಾಹರಣೆ ಆರಿಸುವುದಕ್ಕೆ. ತೆರೆದ ನೀರು, ಜೊಂಡು, ಒಣ ಮಣ್ಣು ಅಥವಾ ಹೂಳು, ದಡದ ಮರ ಮತ್ತು ಹುಲ್ಲು, ಕಟ್ಟಡ ಅಂತ ಐದು ವರ್ಗ ಮಾಡಿಕೊಳ್ಳಿ. ಪ್ರತಿ ವರ್ಗಕ್ಕೂ ಮೂವತ್ತರಿಂದ ಐವತ್ತು ಚಿಕ್ಕ ಪಾಲಿಗಾನ್ ಎಳೆಯಿರಿ, ಒಂದೇ ದಿನದ ಚಿತ್ರದಿಂದ ಬೇಡ, ಬೇರೆ ಬೇರೆ ವರ್ಷಗಳಿಂದ. ಸುಲಭದ ಜಾಗಗಳನ್ನೇ ಆರಿಸಿಕೊಳ್ಳುವ ಆಸೆ ಬರುತ್ತದೆ, ನಡು ಕೆರೆಯ ಕಪ್ಪು ನೀರು, ದಟ್ಟ ಜೊಂಡಿನ ನಟ್ಟನಡುವೆ. ಆದರೆ ಯಂತ್ರ ಎಡವುವುದು ಅಂಚಿನಲ್ಲಿ. ವಿರಳವಾಗಿ ಹಬ್ಬಿದ ಜೊಂಡು, ಪಾಚಿ ನೀರು, ಒದ್ದೆ ಹೂಳು, ಇವುಗಳ ಉದಾಹರಣೆ ಜಾಸ್ತಿ ಕೊಡಿ.

ಇನ್ನೊಂದು, ನೆರಳು. ಸೆಂಟಿನೆಲ್-2 ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ. ಜನವರಿಯಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯಕ್ಕಿರುತ್ತಾನೆ, ಎತ್ತರದ ಅಪಾರ್ಟ್‌ಮೆಂಟ್‌ಗಳ ನೆರಳು ವಾಯವ್ಯಕ್ಕೆ ಬೀಳುತ್ತದೆ, ಆ ಕಪ್ಪು ನೆರಳು ಯಂತ್ರಕ್ಕೆ ನೀರಿನ ಹಾಗೇ ಕಾಣುತ್ತದೆ. ಕೆರೆಯ ಆಗ್ನೇಯ ದಡದಲ್ಲಿ ಇದನ್ನು ಹುಡುಕಿ ನೋಡಿ. ನೆರಳಿಗೇ ಒಂದು ವರ್ಗ ಮಾಡಿದರೂ ತಪ್ಪಿಲ್ಲ.

ಯಂತ್ರಕ್ಕೆ ಕೊಡಬೇಕಾದದ್ದು: ಬ್ಯಾಂಡ್ 2, 3, 4, 5, 8, 11, 12 ಮತ್ತು ಮೇಲಿನ ನಾಲ್ಕು ಸೂಚ್ಯಂಕ. ಮರಗಳ ಸಂಖ್ಯೆ ನೂರು ಇಡಿ. ಐನೂರು ಮಾಡಿದರೆ ಹೆಚ್ಚೇನೂ ಲಾಭ ಇಲ್ಲ, ಉದಾಹರಣೆ ಕೆಟ್ಟದಿದ್ದರೆ ಐದು ಸಾವಿರ ಮರ ಹಾಕಿದರೂ ಅಷ್ಟೇ.

ಎಂಟು: ಶೇ 98 ನಿಖರತೆ ಬಂದರೆ ಅನುಮಾನಪಡಿ

ಹೆಚ್ಚಿನವರು ಕಲಿಸಿದ ಪಿಕ್ಸೆಲ್‌ಗಳನ್ನೇ ಕಲೆಸಿ, ಶೇ 70 ಕಲಿಸಲು, ಶೇ 30 ಪರೀಕ್ಷೆಗೆ ಅಂತ ಇಡುತ್ತಾರೆ. ಆಗ ಒಂದೇ ಪಾಲಿಗಾನ್‌ನ ಅಕ್ಕಪಕ್ಕದ ಪಿಕ್ಸೆಲ್‌ಗಳು ಎರಡೂ ಕಡೆ ಸೇರಿಕೊಳ್ಳುತ್ತವೆ. ಅಕ್ಕಪಕ್ಕದ ಪಿಕ್ಸೆಲ್ ಅಂದರೆ ಹೆಚ್ಚುಕಡಿಮೆ ಒಂದೇ, ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಹಾಗೆ. ಶೇ 98 ಬರದೆ ಇನ್ನೇನು ಬರುತ್ತದೆ? ಪಾಲಿಗಾನ್ ಪಾಲಿಗಾನನ್ನೇ ಪೂರ್ತಿ ಬೇರೆ ಇಡಿ. ಇನ್ನೂ ಒಳ್ಳೆಯದು ಒಂದು ಇಡೀ ವರ್ಷವನ್ನೇ ಕಲಿಸದೆ ಬಿಟ್ಟು, ಆ ವರ್ಷದ ಮೇಲೆ ಪರೀಕ್ಷೆ ಮಾಡುವುದು.

ಆಮೇಲೆ ಸಿದ್ಧವಾದ ನಕ್ಷೆಯ ಮೇಲೆ ಯಾದೃಚ್ಛಿಕವಾಗಿ, ಪ್ರತಿ ವರ್ಗಕ್ಕೂ ಕನಿಷ್ಠ ಐವತ್ತು, ಸಾಧ್ಯವಾದರೆ ನೂರು ಬಿಂದು ಹಾಕಿಸಿ, ನಕ್ಷೆ ಏನು ಹೇಳಿದೆ ಅಂತ ನೋಡದೆ ಒಂದೊಂದನ್ನೂ ಕಣ್ಣಿಂದ ಪರೀಕ್ಷಿಸಿ. ಬೇಜಾರಿನ ಕೆಲಸ ನಿಜ. ಆದರೆ ಮುಂದಿನ ಹೆಜ್ಜೆಗೆ ಇದೇ ಬಂಡವಾಳ.

ಒಂಬತ್ತು: ವಿಸ್ತೀರ್ಣದ ಲೆಕ್ಕ

ಪಿಕ್ಸೆಲ್ ಎಣಿಸಿ ಗುಣಿಸಿದರೆ ಆಯ್ತಲ್ವಾ ಅನ್ನಿಸುತ್ತದೆ. ಆಗಲ್ಲ. ನಕ್ಷೆಯಲ್ಲಿ ತಪ್ಪಿರುತ್ತದೆ, ಆ ತಪ್ಪು ಎರಡೂ ಕಡೆ ಸಮನಾಗಿ ಇರುವುದಿಲ್ಲ. ಲೆಕ್ಕ ತಿಳಿಯಲಿ ಅಂತ ಒಂದು ಕಲ್ಪಿತ ಉದಾಹರಣೆ ನೋಡಿ. ಒಟ್ಟು ಅಂಗಳ 364 ಹೆಕ್ಟೇರ್. ನಕ್ಷೆಯ ಪ್ರಕಾರ ನೀರು 120, ಜೊಂಡು 200, ಉಳಿದದ್ದು ಮಣ್ಣು 44. ನೀರು ಅಂದ ಜಾಗದಲ್ಲಿ ಪರೀಕ್ಷಿಸಿದ ನೂರು ಬಿಂದುಗಳಲ್ಲಿ 90 ಮಾತ್ರ ನಿಜವಾಗಿ ನೀರು. ಜೊಂಡು ಅಂದ ಜಾಗದ ನೂರರಲ್ಲಿ 8 ನಿಜದಲ್ಲಿ ನೀರು. ಮಣ್ಣು ಅಂದಲ್ಲಿ ನೀರು ಸಿಗಲಿಲ್ಲ. ಹಾಗಾದರೆ ನಿಜವಾದ ನೀರಿನ ಅಂದಾಜು 120ರ ಶೇ 90, ಅಂದರೆ 108, ಜೊತೆಗೆ 200ರ ಶೇ 8, ಅಂದರೆ 16. ಒಟ್ಟು 124 ಹೆಕ್ಟೇರ್.

ಇದರ ಮೇಲೆ ಅನಿಶ್ಚಿತತೆ ಲೆಕ್ಕ ಹಾಕಿದರೆ ಈ ಉದಾಹರಣೆಯಲ್ಲಿ ಆಚೆಗೆ 13, ಈಚೆಗೆ 13 ಹೆಕ್ಟೇರ್ ಬರುತ್ತದೆ, ಶೇ 95ರ ಭರವಸೆಯಲ್ಲಿ. ಅಂದರೆ ಮುಂದಿನ ವರ್ಷ 118 ಬಂದರೆ "ಆರು ಹೆಕ್ಟೇರ್ ನೀರು ಹೋಯ್ತು" ಅಂತ ಹೇಳುವ ಹಾಗಿಲ್ಲ. 80 ಬಂದರೆ ಧೈರ್ಯವಾಗಿ ಹೇಳಿ. ಪತ್ರಿಕೆಗಳಲ್ಲಿ ಬರುವ ಕೆರೆ ನಕ್ಷೆಗಳಲ್ಲಿ ಈ ಹೆಚ್ಚುಕಡಿಮೆಯ ಅಂಕಿ ಸಾಮಾನ್ಯವಾಗಿ ಇರುವುದೇ ಇಲ್ಲ, ನನಗೆ ಅದಕ್ಕೇ ಅವುಗಳ ಮೇಲೆ ನಂಬಿಕೆ ಕಡಿಮೆ.

ಒಂದು ಸಣ್ಣ ತಾಂತ್ರಿಕ ಹೊಂಡ: ಅರ್ಥ್ ಎಂಜಿನ್‌ನಲ್ಲಿ ಹಲವು ಚಿತ್ರ ಸೇರಿಸಿ ಮಾಡಿದ ಚಿತ್ರಕ್ಕೆ ತನ್ನದೇ ಆದ ಪಿಕ್ಸೆಲ್ ಅಳತೆ ಇರುವುದಿಲ್ಲ. ವಿಸ್ತೀರ್ಣ ಕೂಡಿಸುವಾಗ ಸ್ಕೇಲ್ 10 ಮೀಟರ್ ಅಂತ ನೀವೇ ಹೇಳಬೇಕು. ಹೇಳದಿದ್ದರೆ ಉತ್ತರ ಬರುತ್ತದೆ, ಅರ್ಥವಿಲ್ಲದ ಉತ್ತರ. ಚಾಟ್‌ಬಾಟ್ ಬರೆದ ಕೋಡ್‌ನಲ್ಲಿ ಇದನ್ನೂ ನೋಡಿಕೊಳ್ಳಿ. ಸುಲಭ ಪರೀಕ್ಷೆ: ಎಲ್ಲಾ ವರ್ಗಗಳ ಮೊತ್ತ ನಿಮ್ಮ ಪಾಲಿಗಾನ್‌ನ ವಿಸ್ತೀರ್ಣಕ್ಕೆ ಸರಿಹೊಂದಬೇಕು.

ಮಳೆಗಾಲದಲ್ಲಿ ಏನು ಮಾಡುವುದು?

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಮುತ್ತ ನೀರು ನುಗ್ಗಿದ್ದು ನೆನಪಿರಬಹುದು. ಅಂಥ ದಿನಗಳಲ್ಲಿ ಸೆಂಟಿನೆಲ್-2ಗೆ ಕಾಣುವುದು ಬರೀ ಮೋಡ. ಆಗ ಸೆಂಟಿನೆಲ್-1 ಬೇಕು. ಅದು ರಾಡಾರ್, ಮೋಡದ ಒಳಗಿಂದಲೂ ರಾತ್ರಿಯಲ್ಲೂ ನೋಡುತ್ತದೆ. ನಯವಾದ ನೀರು ಅಲೆಯನ್ನು ಆಚೆಗೆ ಜಾರಿಸಿಬಿಡುವುದರಿಂದ ಕಪ್ಪಾಗಿ ಕಾಣುತ್ತದೆ, ಜೊಂಡು ಮತ್ತು ಕಟ್ಟಡ ಬೆಳ್ಳಗೆ. ಆದರೆ ಕಪ್ಪೆಲ್ಲ ನೀರಲ್ಲ. ಬೆಳ್ಳಂದೂರಿನ ಉತ್ತರಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಇದೆ, ರಾಡಾರ್‌ನಲ್ಲಿ ಅದೂ ಕಾಲುವೆಯಂತೆ ಕಪ್ಪಗೆ ಕಾಣುತ್ತದೆ. ಜೋರು ಗಾಳಿಗೆ ಅಲೆ ಎದ್ದ ನೀರು ಬೆಳ್ಳಗಾಗುವುದೂ ಉಂಟು. ಎತ್ತರದ ಕಟ್ಟಡಗಳ ನಡುವೆ ನಿಂತ ಪ್ರವಾಹದ ನೀರು ಇದರಲ್ಲಿ ಸರಿಯಾಗಿ ಸಿಗುವುದಿಲ್ಲ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಕೂಡ ರಾಡಾರ್ ಉಪಗ್ರಹವೇ, ಇನ್ನೂ ಉದ್ದನೆಯ ಅಲೆ ಬಳಸುತ್ತದೆ. ಕೆರೆ ಕೆಲಸಕ್ಕೆ ಅದರ ಮೇಲೂ ಒಂದು ಕಣ್ಣಿಡಿ.

ರೆಡಿಮೇಡ್ ಎಐ ನಕ್ಷೆಗಳು ಬೇಡವೇ ಬೇಡವಾ?

ಹಾಗೇನಿಲ್ಲ. ಗೂಗಲ್ ಮತ್ತು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಬಿಟ್ಟ ಡೈನಮಿಕ್ ವರ್ಲ್ಡ್ ಮೋಡ ಕಡಿಮೆ ಇರುವ ಪ್ರತಿ ಸೆಂಟಿನೆಲ್-2 ಚಿತ್ರಕ್ಕೂ ಒಂಬತ್ತು ವರ್ಗಗಳ ನಕ್ಷೆ ಕೊಡುತ್ತದೆ. ಸುತ್ತಲಿನ ಕಟ್ಟಡ ಹೇಗೆ ಹಬ್ಬಿದೆ ಅಂತ ನೋಡಲು ತುಂಬಾ ಚೆನ್ನಾಗಿದೆ. ಆದರೆ ಅದರ ಒಂಬತ್ತು ವರ್ಗಗಳಲ್ಲಿ ತೇಲುವ ಜೊಂಡು ಅನ್ನುವುದು ಇಲ್ಲ. ಹತ್ತಿರದ್ದು ಅಂದರೆ ನೀರು ನಿಂತ ಹಸಿರು ಅನ್ನುವ ವರ್ಗ, ಅದೂ ಅಲ್ಲದೆ ಬೆಳೆ ಅಥವಾ ಹುಲ್ಲು ಅಂತಲೂ ಹೇಳಿಬಿಡಬಹುದು. ಇರದ ಖಾನೆಗೆ ಯಂತ್ರ ಉತ್ತರ ಹಾಕಲಾರದು. ಹಾಗೇ ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ ಜೆಆರ್‌ಸಿ ಮಾಡಿದ ಗ್ಲೋಬಲ್ ಸರ್ಫೇಸ್ ವಾಟರ್ ನಕ್ಷೆ 1984ರಿಂದ 2021ರವರೆಗೆ ಎಲ್ಲಿ ಎಷ್ಟು ಸಲ ನೀರು ಕಂಡಿತು ಅಂತ ತೋರಿಸುತ್ತದೆ. ಅದು ನೀರು "ಕಂಡ" ಲೆಕ್ಕ, "ಇದ್ದ" ಲೆಕ್ಕ ಅಲ್ಲ.

2025ರಲ್ಲಿ ಬಂದ ಗೂಗಲ್‌ನ ಎಐ ಮಾದರಿ ಆಲ್ಫಾಅರ್ಥ್ ಇನ್ನೊಂದು ಥರ. 2017ರಿಂದ ಪ್ರತಿ ವರ್ಷಕ್ಕೆ ಪ್ರತಿ 10 ಮೀಟರ್ ಪಿಕ್ಸೆಲ್‌ಗೂ 64 ಅಂಕಿಗಳ ಒಂದು ಸಾರಾಂಶ ಕೊಡುತ್ತದೆ. ಅದರ ಮೇಲೆ ನಿಮ್ಮ ಉದಾಹರಣೆ ಇಟ್ಟು ರ್‍ಯಾಂಡಮ್ ಫಾರೆಸ್ಟ್ ಓಡಿಸಿದರೆ ಮೋಡ, ಬ್ಯಾಂಡ್ ಯಾವುದರ ತಲೆನೋವೂ ಇಲ್ಲ. ಇಡೀ ಜಿಲ್ಲೆಯ ಕೆರೆಗಳನ್ನು ಒಟ್ಟಿಗೆ ನೋಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ವರ್ಷಕ್ಕೆ ಒಂದೇ ಸಾರಾಂಶ, ವಾರ ವಾರ ಓಡಾಡುವ ಜೊಂಡು ಅದರಲ್ಲಿ ಸಿಗಲ್ಲ. ಐಬಿಎಂ ಮತ್ತು ನಾಸಾ 2023ರಲ್ಲಿ ಹೊರತಂದ ಪೃಥ್ವಿ ಅನ್ನುವ ಎಐ ಮಾದರಿಯೂ ಮುಕ್ತವಾಗಿ ಸಿಗುತ್ತದೆ. ಜಿಪಿಯು ಇರುವ, ಪೈಥಾನ್ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಪ್ರಯತ್ನಿಸಬಹುದು.

ಹತ್ತು: ಅಂಕಿ ಬಂದ ಮೇಲೆ ಕಾರಣ ಹುಡುಕುವುದು

ನಿಮ್ಮ ಗ್ರಾಫ್‌ನಲ್ಲಿ 2020ರ ನಂತರ ಬೆಳ್ಳಂದೂರಿನ ತೆರೆದ ನೀರು ಕುಸಿದು ಮಣ್ಣು ಏರಿದರೆ ಕೆರೆ ಸತ್ತಿತು ಅಂತ ಬರೆದುಬಿಡಬೇಡಿ. ಆ ಹೊತ್ತಿಗೆ ಹೂಳೆತ್ತುವ ಕೆಲಸಕ್ಕಾಗಿ ಒಳಬರುವ ನೀರನ್ನು ಬದಿಯ ಕಾಲುವೆಗೆ ತಿರುಗಿಸಿ ಅಂಗಳ ಒಣಗಿಸಲು ಶುರು ಮಾಡಿದ್ದರು. ಅಂಕಿ ಹೇಳುವುದು ಏನಾಯಿತು ಅಂತ ಮಾತ್ರ. ಯಾಕೆ ಅಂತ ತಿಳಿಯಲು ಹಸಿರು ನ್ಯಾಯಮಂಡಳಿಯ ಆದೇಶಗಳು, ಪತ್ರಿಕೆಯ ಹಳೆಯ ಸುದ್ದಿ, ಮಳೆಯ ಅಂಕಿ ನೋಡಬೇಕು. ಮಳೆಗೆ ಅರ್ಥ್ ಎಂಜಿನ್‌ನಲ್ಲೇ 1981ರಿಂದ ಚಿರ್ಪ್ಸ್ ಅನ್ನುವ ಮಳೆ ದತ್ತಾಂಶ ಇದೆ, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಯೂ ಇದೆ. ಆದರೆ ಬೆಳ್ಳಂದೂರಿಗೆ ವರ್ಷವಿಡೀ ಕೊಳಚೆ ನೀರು ಬರುವುದರಿಂದ ಮಳೆಗೂ ನೀರಿನ ಹರವಿಗೂ ನೇರ ಸಂಬಂಧ ಸಿಗದೇ ಹೋಗಬಹುದು. ಹಳ್ಳಿಯ ಕೆರೆಯಲ್ಲಿ ಸಿಗುತ್ತದೆ.

ಹೋಲಿಸಿ ನೋಡಲು ಕೋಲಾರಕ್ಕೆ ಹೋಗಿ, ಅಂದರೆ ನಕ್ಷೆಯಲ್ಲಿ. ಇದೇ ಕೆ.ಸಿ. ವ್ಯಾಲಿಯ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಸಂಸ್ಕರಿಸಿದ ನೀರು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು, ಮೊದಲು ಲಕ್ಷ್ಮೀಸಾಗರ ಕೆರೆಗೆ. ಅಲ್ಲಿ ಜೊಂಡಿನ ಕಾಟ ಇಲ್ಲದ ವರ್ಷಗಳಲ್ಲಿ ಮೇಲಿನ ವಿಧಾನ ಅರ್ಧ ಹೆಜ್ಜೆಯಲ್ಲೇ ಮುಗಿಯುತ್ತದೆ, ಒಣ ಅಂಗಳ ನೀರಾಗಿದ್ದು ಬರಿಗಣ್ಣಿಗೇ ಕಾಣುತ್ತದೆ. ಬದಲಾವಣೆಯ ತಾರೀಖು ಮೊದಲೇ ಗೊತ್ತಿರುವುದರಿಂದ ನಿಮ್ಮ ಕೋಡ್ ಸರಿ ಇದೆಯಾ ಅಂತ ಪರೀಕ್ಷಿಸಲು ಒಳ್ಳೆಯ ಜಾಗ. ನೀರು ಬಂದಿದ್ದು ಚಿತ್ರದಲ್ಲಿದೆ, ಆ ನೀರು ಎಂಥದ್ದು ಅನ್ನುವುದು ಇಲ್ಲ. ಪಾಚಿ, ಕದಡಿದ ಮಣ್ಣು ಇಷ್ಟರ ಸುಳಿವು ಸಿಗಬಹುದು, ಭಾರಲೋಹ, ನೈಟ್ರೇಟ್, ರೋಗಾಣು ಯಾವುದೂ ಈ ಬ್ಯಾಂಡ್‌ಗಳಿಗೆ ಕಾಣುವುದಿಲ್ಲ. ಅದಕ್ಕೆ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬ್‌ಗೇ ಕೊಡಬೇಕು.

ಹನ್ನೊಂದು: ಕೆರೆಗೆ ಹೋಗಿ

ಉಪಗ್ರಹ ಹಾದುಹೋಗುವ ದಿನವೇ ಹೋದರೆ ಉತ್ತಮ. ಫೋನಿನಲ್ಲಿ ಲೊಕೇಶನ್ ಆನ್ ಮಾಡಿ ಏರಿಯ ಮೇಲಿಂದ, ಕೋಡಿಯ ಹತ್ತಿರದಿಂದ ಫೋಟೋ ತೆಗೆಯಿರಿ, ಯಾವ ದಿಕ್ಕಿಗೆ ತೆಗೆದದ್ದು ಅಂತ ಬರೆದಿಡಿ. ಮೇವಿಗೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು ಇದ್ದರೆ ಮಾತಾಡಿಸಿ. ಜೊಂಡು ಯಾವ ತಿಂಗಳಲ್ಲಿ ಯಾವ ಕಡೆ ಸೇರುತ್ತದೆ, ಯಾವಾಗ ಯಂತ್ರ ತಂದು ತೆಗೆಸಿದರು, ಮೊದಲು ತೂಬು ಎಲ್ಲಿತ್ತು, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ನಿಮ್ಮ ಗ್ರಾಫ್‌ನಲ್ಲಿ ಕಾರಣ ಸಿಗದ ಏರಿಳಿತಕ್ಕೆ ಉತ್ತರ ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಕೊನೆಗೆ, ನಕ್ಷೆಯನ್ನು ಕೆರೆ ಸಮಿತಿಗೋ, ಪತ್ರಿಕೆಗೋ, ದೂರಿನ ಜೊತೆಗೋ ಕೊಡುವಾಗ ನಕ್ಷೆಯ ಮೇಲೇ ಬರೆದಿರಬೇಕಾದದ್ದು: ಯಾವ ಉಪಗ್ರಹ, ಯಾವ ಯಾವ ದಿನದ ಚಿತ್ರ, ಕೆರೆ ಗಡಿ ಎಲ್ಲಿಂದ ತೆಗೆದದ್ದು, ಪ್ರತಿ ವರ್ಗದ ಹೆಕ್ಟೇರ್ ಮತ್ತು ಅದರ ಹೆಚ್ಚುಕಡಿಮೆ, ಕೋಡ್ ಎಲ್ಲಿ ಸಿಗುತ್ತದೆ. ಜೊಂಡಿಗೆ ಬೇರೆಯದೇ ಬಣ್ಣ ಹಾಕಿ. ಮಣ್ಣಿನ ಬಣ್ಣದ ಹತ್ತಿರಕ್ಕೂ ಹೋಗಬೇಡಿ, ಯಾಕೆಂದರೆ ಕಪ್ಪುಬಿಳುಪು ಜೆರಾಕ್ಸ್ ಮಾಡಿದಾಗಲೂ ಅದು ಕೆರೆಯ ಅಂಗಳವೇ, ಸೈಟು ಮಾಡಬಹುದಾದ ಖಾಲಿ ಜಾಗ ಅಲ್ಲ ಅಂತ ಕಾಣಬೇಕು.